ಪೆಲೆಟ್ ಬಾಯ್ಲರ್ ಪೈಪಿನ ಬಿಸಿ ಎಲ್ಲಿ ಸೋರುತ್ತದೆ: 70ರ ಲೆಕ್ಕ

ಪುಣೆಯ ಬಾನೇರ್‌ನ ನಮ್ಮ ಡ್ರಾಯಿಂಗ್ ಆಫೀಸಿಗೆ ಡಿಸೆಂಬರ್‌ನಲ್ಲಿ ಒಂದು ಕೆಲಸ ಬಂತು. ಅಮೆರಿಕದ ವರ್ಮಾಂಟ್‌ನಲ್ಲಿ ಒಂದು ಮನೆ. ಮನೆಯಿಂದ 30 ಮೀಟರ್ ದೂರದ ಶೆಡ್ಡಿನಲ್ಲಿ ಪೆಲೆಟ್ ಬಾಯ್ಲರ್. ಮರದ ಹೊಟ್ಟನ್ನು ಒತ್ತಿ ಮಾಡಿದ 6-8 ಮಿಲಿಮೀಟರ್ ದಪ್ಪದ ಗುಳಿಗೆ ಅದರಲ್ಲಿ ಉರಿಯುತ್ತದೆ. ಕಾದ ನೀರು ನೆಲದೊಳಗಿನ ಪೈಪಿನಲ್ಲಿ ಮನೆಗೆ ಹೋಗಿ, ಕೋಣೆಗಳನ್ನು ಬೆಚ್ಚಗೆ ಮಾಡಿ, ಇನ್ನೊಂದು ಪೈಪಿನಲ್ಲಿ ವಾಪಸ್ ಬರುತ್ತದೆ. ನಮ್ಮೂರ ಬಚ್ಚಲ ಹಂಡೆಯನ್ನು ಹಿತ್ತಲಿನಾಚೆ ಒಯ್ದು ಇಟ್ಟ ಹಾಗೆ. ಹಿಮ ನೋಡದ ನಾನು ಇದನ್ನು ಎರಡು ವಾರ ಒದ್ದಾಡಿ ಕಲಿತೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೂ ಆಗಬಹುದು.

ಬಿಸಿ ಎಲ್ಲೆಲ್ಲಿ ಹೋಗುತ್ತದೆ

ಹೊಗೆಯ ಜೊತೆ ಚಿಮಣಿಯಲ್ಲಿ ಸ್ವಲ್ಪ, ಬಾಯ್ಲರ್ ಮೈಯಿಂದ ಸ್ವಲ್ಪ, ಪೈಪಿನಲ್ಲಿ ಉಳಿದದ್ದು. ಚಿಮಣಿ ಮತ್ತು ಬಾಯ್ಲರ್ ವಿಷಯ ತಯಾರಕರ ಕೈಪಿಡಿಯಲ್ಲಿ ಇರುತ್ತದೆ. ಬೂದಿ ತೆಗೆಯಬೇಕು, ಒಣ ಪೆಲೆಟ್ ಹಾಕಬೇಕು, ಬಾಗಿಲಿನ ಸೀಲ್ ನೋಡಬೇಕು, ಅಷ್ಟೇ. ನನಗೆ ತಲೆಕೆಟ್ಟಿದ್ದು ಪೈಪಿನಲ್ಲಿ.

ನಾನು ಎಡವಿದ ಜಾಗ

ಆ ಮನೆಯವರು ಕಳಿಸಿದ ಮಾಹಿತಿಯಲ್ಲಿ ಹೀಗಿತ್ತು: ಶೆಡ್ಡಿನಲ್ಲಿ ನೀರು 75 ಡಿಗ್ರಿ, ಮನೆ ಸೇರುವಾಗ 74.5. ಅರ್ಧ ಡಿಗ್ರಿ ಮಾತ್ರ ಇಳಿದಿದೆ, ಆದ್ದರಿಂದ ಪೈಪ್ ಚೆನ್ನಾಗಿದೆ. ನನಗೂ ಸರಿ ಅನ್ನಿಸಿತು. ಅರ್ಧ ಡಿಗ್ರಿ ಯಾವ ಲೆಕ್ಕ, ಅಲ್ವಾ?

ನಮ್ಮ ಸೀನಿಯರ್ ಒಂದೇ ಪ್ರಶ್ನೆ ಕೇಳಿದರು. "ಫ್ಲೋ ಎಷ್ಟು?" ನಿಮಿಷಕ್ಕೆ ಎಷ್ಟು ನೀರು ಹರಿಯುತ್ತಿದೆ ಅಂತ ನಾನು ನೋಡಿರಲೇ ಇಲ್ಲ.

ಸೂತ್ರ ಎಲ್ಲರಿಗೂ ಗೊತ್ತಿರುವುದೇ. ನೀರಿನ ತೂಕ, ಅದರ ವಿಶಿಷ್ಟ ಶಾಖ, ಇಳಿದ ಡಿಗ್ರಿ, ಮೂರನ್ನೂ ಗುಣಿಸಬೇಕು. ಒಂದು ಲೀಟರ್ ನೀರು ಒಂದು ಡಿಗ್ರಿ ಇಳಿದರೆ ಸುಮಾರು 4186 ಜೂಲ್ ಹೋಯಿತು. ಅದು ಒಂದು ನಿಮಿಷದಲ್ಲಿ ಆಗಿದ್ದರೆ 60ರಿಂದ ಭಾಗಿಸಿ. 70 ವ್ಯಾಟ್ ಹತ್ತಿರ ಬರುತ್ತದೆ. ಹಾಗಾಗಿ ನನ್ನ ಅಡ್ಡದಾರಿ ಇದು:

ನಿಮಿಷಕ್ಕೆ ಎಷ್ಟು ಲೀಟರ್ × ಎಷ್ಟು ಡಿಗ್ರಿ ಇಳಿಯಿತು × 70 = ವ್ಯಾಟ್.

ಮಾನಿಟರ್ ಅಂಚಿಗೆ ಅಂಟಿಸಿಕೊಂಡಿದ್ದೇನೆ. ಹೆಪ್ಪುಗಟ್ಟದಿರಲಿ ಅಂತ ನೀರಿಗೆ 30% ಗ್ಲೈಕಾಲ್ ಸೇರಿಸಿದ್ದರೆ 70ರ ಬದಲು 65ರ ಆಸುಪಾಸು ಹಿಡಿಯಿರಿ.

ಆ ಮನೆಯ ಪಂಪ್ ನಿಮಿಷಕ್ಕೆ 30 ಲೀಟರ್ ತಳ್ಳುತ್ತಿತ್ತು. 30 × 0.5 × 70 = 1050 ವ್ಯಾಟ್. ಚೆನ್ನಾಗಿರುವ ಪೈಪಂತೆ! ಒಂದು ಇಸ್ತ್ರಿ ಪೆಟ್ಟಿಗೆಯನ್ನು ಮಣ್ಣಲ್ಲಿ ಹೂತು, ಹಗಲೂ ರಾತ್ರಿ ಆನ್ ಇಟ್ಟ ಹಾಗೆ.

ಟೆರೇಸ್ ಮೇಲೆ ಮಾಡಿ ನೋಡಿದ್ದು

ಕಾಗದದ ಮೇಲೆ ಒಪ್ಪಿಕೊಂಡರೂ ಮನಸ್ಸು ಒಪ್ಪಲಿಲ್ಲ. ಫ್ಲೋ ಕಮ್ಮಿ ಮಾಡಿದರೆ ಡಿಗ್ರಿ ಜಾಸ್ತಿ ಇಳಿಯುತ್ತದೆ, ಹಾಗಾದರೆ ನಷ್ಟವೂ ಜಾಸ್ತಿ ಆಯಿತಲ್ಲ? ಇಲ್ಲಿ ಎರಡು ದಿನ ಸಿಕ್ಕಿಹಾಕಿಕೊಂಡೆ.

ನಮ್ಮ ಫ್ಲ್ಯಾಟಿಗೆ ಟೆರೇಸಿನ ಸೋಲಾರ್ ಟ್ಯಾಂಕಿನಿಂದ ಬಿಸಿನೀರು ಬರುತ್ತದೆ. ಮುಕ್ಕಾಲು ಇಂಚಿನ ಬರೀ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್, 24 ಮೀಟರ್, ಮೈಮೇಲೆ ಏನೂ ಸುತ್ತಿಲ್ಲ. ಬುಧವಾರ ಪೇಠೆಯ ತಪ್ಕೀರ್ ಗಲ್ಲಿಯಿಂದ ವೈರ್ ಇರುವ ಎರಡು ಡಿಜಿಟಲ್ ಥರ್ಮಾಮೀಟರ್ ತಂದೆ. ಒಂದನ್ನು ಟ್ಯಾಂಕ್ ಬಾಯಿಯ ಪೈಪಿಗೆ ಟೇಪ್ ಹಾಕಿ ಕಟ್ಟಿ ಮೇಲೆ ಬಟ್ಟೆ ಸುತ್ತಿದೆ. ಇನ್ನೊಂದನ್ನು ಬಚ್ಚಲ ನಲ್ಲಿಯ ಹತ್ತಿರ ಹಾಗೇ ಕಟ್ಟಿದೆ. ಫ್ಲೋ ಮೀಟರ್ ಇಲ್ಲ. 15 ಲೀಟರ್ ಬಕೆಟ್, ಮೊಬೈಲ್ ಸ್ಟಾಪ್‌ವಾಚ್.

ಬೆಳಿಗ್ಗೆ ಆರೂವರೆ, ಹೊರಗೆ 14 ಡಿಗ್ರಿ. ಪೈಪ್ ಪೂರ್ತಿ ಕಾಯುವವರೆಗೆ ನೀರು ಬಿಟ್ಟೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಆ ನೀರು ಚೆಲ್ಲಬ್ಯಾಡಪಾ, ಅರಿವಿ ನೆನಿ ಹಾಕ್ತೀನಿ."

ನಲ್ಲಿ ಪೂರ್ತಿ ತೆರೆದಾಗ ಬಕೆಟ್ ಎರಡೂವರೆ ನಿಮಿಷಕ್ಕೆ ತುಂಬಿತು, ಅಂದರೆ ನಿಮಿಷಕ್ಕೆ 6 ಲೀಟರ್. ಮೇಲೆ 58, ಕೆಳಗೆ 55.5. ಇಳಿದಿದ್ದು 2.5. ಲೆಕ್ಕ: 6 × 2.5 × 70 = 1050 ವ್ಯಾಟ್.

ಆಮೇಲೆ ನಲ್ಲಿ ಅರ್ಧ ಮಾಡಿದೆ. ಬಕೆಟ್ಟಿಗೆ ಐದು ನಿಮಿಷ, 3 ಲೀಟರ್. ಈಗ ಇಳಿದಿದ್ದು 4.8. ಲೆಕ್ಕ: 3 × 4.8 × 70 = 1008 ವ್ಯಾಟ್.

ಡಿಗ್ರಿ ಹೆಚ್ಚುಕಮ್ಮಿ ಎರಡು ಪಟ್ಟು, ವ್ಯಾಟ್ ಮಾತ್ರ ಅಲ್ಲೇ! ಆಗ ತಲೆಗೆ ಹೋಯಿತು. ಫರ್ಗ್ಯುಸನ್ ರಸ್ತೆಯ ಹೋಟೆಲಲ್ಲಿ 600 ರೂಪಾಯಿ ಬಿಲ್ ಆಯಿತು ಅನ್ನಿ. ಆರು ಜನ ಇದ್ದರೆ ತಲೆಗೆ 100, ಮೂರೇ ಜನ ಇದ್ದರೆ 200. ಹೋಟೆಲಿನವನಿಗೆ ಎರಡೂ ಸಲ ಸಿಕ್ಕಿದ್ದು 600. ಡಿಗ್ರಿ ಅನ್ನುವುದು ತಲೆಗೆ ಬಿದ್ದ ಪಾಲು, ವ್ಯಾಟ್ ಅನ್ನುವುದು ಬಿಲ್. ಬಿಲ್ ಎಷ್ಟಾಗುತ್ತದೆ ಅನ್ನುವುದನ್ನು ಪೈಪಿನ ಬಿಸಿ, ಹೊರಗಿನ ಚಳಿ, ನಡುವಿನ ಹೊದಿಕೆ ಈ ಮೂರು ತೀರ್ಮಾನ ಮಾಡುತ್ತವೆ. ಒಳಗೆ ನೀರು ಓಡುತ್ತಿದೆಯೋ ತೆವಳುತ್ತಿದೆಯೋ, ಹೊರಗಿನ ಗಾಳಿಗೆ ಏನು ಗೊತ್ತು? 1008 ಆಗಿ ಸ್ವಲ್ಪ ಕಮ್ಮಿ ಬಂದಿದ್ದು ಯಾಕೆಂದರೆ, ನಿಧಾನ ಹರಿದಾಗ ಪೈಪಿನ ನಲ್ಲಿ ಕಡೆಯ ಭಾಗ ಸ್ವಲ್ಪ ತಣ್ಣಗಿತ್ತು.

ವರ್ಮಾಂಟಿನ ಹೂತ ಪೈಪ್, ಪುಣೆಯ ಬೋಳು ಜಿಐ ಪೈಪ್, ಎರಡೂ 1050. ಒಂದರಲ್ಲಿ ಅರ್ಧ ಡಿಗ್ರಿ, ಇನ್ನೊಂದರಲ್ಲಿ ಎರಡೂವರೆ. ಡಿಗ್ರಿ ನೋಡಿ ಪೈಪಿಗೆ ಸರ್ಟಿಫಿಕೇಟ್ ಕೊಡಬೇಡಿ.

ಥರ್ಮಾಮೀಟರ್ ಬಗ್ಗೆ ಒಂದು ಮಾತು. ಅಗ್ಗದ ಎರಡು ಥರ್ಮಾಮೀಟರ್ ಒಂದೇ ಲೋಟದಲ್ಲಿ ಇಟ್ಟರೂ ಅರ್ಧ ಡಿಗ್ರಿ ಜಗಳ ಆಡುತ್ತವೆ. 30 ಲೀಟರ್ ಫ್ಲೋನಲ್ಲಿ ಆ ಅರ್ಧ ಡಿಗ್ರಿಯೇ 1050 ವ್ಯಾಟ್! ಒಂದು ಸಲ ಓದಿ, ಎರಡನ್ನೂ ಅದಲುಬದಲು ಮಾಡಿ ಮತ್ತೆ ಓದಿ. ಎರಡು ವ್ಯತ್ಯಾಸಗಳ ಸರಾಸರಿ ತೆಗೆದರೆ ಅವುಗಳ ತಪ್ಪು ಕಳೆದುಹೋಗುತ್ತದೆ. ಆ ಮನೆಯವರಿಂದಲೂ ಹೀಗೇ ಮಾಡಿಸಿದೆವು, ಅರ್ಧ ಡಿಗ್ರಿ ನಿಜವೇ ಆಗಿತ್ತು.

ಹೊದಿಕೆ ಎಷ್ಟು ದಪ್ಪ

ಇದು ಬೇಗ ಮುಗಿಯುತ್ತದೆ. 40 ಮಿಲಿಮೀಟರ್ ಪೈಪ್, ಒಳ್ಳೆಯ ಫೋಮ್, ನೀರು 75, ಮಣ್ಣು 5 ಅಂತ ಇಟ್ಟುಕೊಳ್ಳಿ. ಫೋಮ್ 10 ಮಿಲಿಮೀಟರ್ ಇದ್ದರೆ ಮೀಟರಿಗೆ ಸುಮಾರು 32 ವ್ಯಾಟ್ ಹೋಗುತ್ತದೆ. 20 ಮಾಡಿದರೆ 19, 30 ಮಾಡಿದರೆ 14. ದುಪ್ಪಟ್ಟು ಮಾಡಿ 60ಕ್ಕೆ ಏರಿಸಿದರೂ ಅರ್ಧಕ್ಕೆ ಇಳಿಯುವುದಿಲ್ಲ, 9.5ಕ್ಕೆ ನಿಲ್ಲುತ್ತದೆ. ಪೈಪ್ ದುಂಡಗಿರುವುದರಿಂದ ಹೊರಗಿನ ಪದರಕ್ಕೆ ಸುತ್ತಳತೆ ಜಾಸ್ತಿ. ಸೂತ್ರದಲ್ಲಿ ಲಾಗರಿದಮ್ ಬರುವುದು ಅದಕ್ಕೇ.

ವರ್ಮಾಂಟಿನ ಮನೆಯವರದ್ದು 30 ಮೀಟರಿಗೆ 1050, ಅಂದರೆ ಮೀಟರಿಗೆ 35. ಅಂದರೆ 10 ಮಿಲಿಮೀಟರ್ ಫೋಮಿಗಿಂತಲೂ ಕಡೆ. ಅಗೆದು ನೋಡಿದರೆ ಹೊರಗಿನ ಕೊಳವೆಯೊಳಗೆ ನೀರು ನುಗ್ಗಿತ್ತು. ನೀರು ಫೋಮಿಗಿಂತ ಸುಮಾರು 20 ಪಟ್ಟು ಜಾಸ್ತಿ ಶಾಖ ಸಾಗಿಸುತ್ತದೆ. ಒದ್ದೆ ಕಂಬಳಿ ಹೊದ್ದ ಹಾಗೆ. ನನ್ನ ಮಟ್ಟಿಗೆ ಹೊದಿಕೆಯ ದಪ್ಪಕ್ಕಿಂತ ಅದು ಒಣಗಿರುವುದು ಮುಖ್ಯ. ಎರಡು ತುದಿ ಸೀಲ್ ಮಾಡಬೇಕು, ಕಂದಕದ ನೀರು ಹರಿದುಹೋಗಲು ದಾರಿ ಇರಬೇಕು.

ವಾಪಸ್ ಬರುವ ಪೈಪಿನಲ್ಲಿ ಇನ್ನೊಂದು 800 ವ್ಯಾಟ್ ನಷ್ಟ ಸಿಕ್ಕಿತು. ಒಟ್ಟು 1850, ದಿನಕ್ಕೆ 44 ಯೂನಿಟ್. ಒಂದು ಕಿಲೋ ಪೆಲೆಟ್‌ನಲ್ಲಿ ಸುಮಾರು 4.8 ಯೂನಿಟ್ ಶಾಖ ಇದೆ, ಬಾಯ್ಲರ್ ಅದರಲ್ಲಿ 85% ಕೊಟ್ಟರೆ ಕೈಗೆ 4. ಅಂದರೆ ದಿನಕ್ಕೆ 11 ಕಿಲೋ ಪೆಲೆಟ್ ಮಣ್ಣು ಕಾಯಿಸಲು! ಅಲ್ಲಿ ಪೆಲೆಟ್ ಚೀಲ 40 ಪೌಂಡಿನದು, 18 ಕಿಲೋ. ಅರ್ಧ ಚೀಲಕ್ಕಿಂತ ಜಾಸ್ತಿ.

ಹೋಗುವ ಪೈಪ್, ಬರುವ ಪೈಪ್ ಒಂದೇ ಕವಚದಲ್ಲಿ ಅಂಟಿಕೊಂಡಿದ್ದರೆ ಹುಷಾರು. ಬಿಸಿ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಅದು ಬಾಯ್ಲರಿಗೆ ವಾಪಸ್ ಬರುವುದರಿಂದ ನಷ್ಟ ಅಲ್ಲ, ಆದರೆ ಹೋಗುವ ಪೈಪ್ ಮಾತ್ರ ಅಳೆದರೆ ನಷ್ಟದ ಹಾಗೆ ಕಾಣುತ್ತದೆ. ಎರಡೂ ಅಳೆಯಿರಿ.

ನೀರಿನ ಬಿಸಿ ಇಳಿಸಬಹುದಲ್ಲ?

ಇಳಿಸಬಹುದು. ಚಳಿ ಕಮ್ಮಿ ಇರುವ ದಿನ 75ರ ಬದಲು 65 ಕಳಿಸಿದರೆ ಬಿಲ್ ತಾನೇ ಇಳಿಯುತ್ತದೆ. ಆದರೆ ಬಾಯ್ಲರಿಗೆ ವಾಪಸ್ ಬರುವ ನೀರು ಸಾಮಾನ್ಯವಾಗಿ 55-60ಕ್ಕಿಂತ ಕೆಳಗೆ ಹೋಗಬಾರದು. ಹೋದರೆ ಹೊಗೆಯ ತೇವ ಒಳಗೇ ನೀರಾಗಿ ಕಬ್ಬಿಣ ತಿನ್ನುತ್ತದೆ. ಅದಕ್ಕೆ ಬಾಯ್ಲರ್ ಹತ್ತಿರ, ವಾಪಸ್ ಬರುವ ನೀರಿಗೆ ಸ್ವಲ್ಪ ಬಿಸಿನೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಇಡುತ್ತಾರೆ.

ಟೆರೇಸಿಗೆ ವಾಪಸ್

ನಮ್ಮ ಜಿಐ ಪೈಪಿಗೂ 13 ಮಿಲಿಮೀಟರ್ ದಪ್ಪದ ಕಪ್ಪು ನೈಟ್ರೈಲ್ ರಬ್ಬರ್ ಫೋಮಿನ ತೋಳು ಹಾಕಿಸಿದೆ. ಬಿಸಿಲಿಗೆ ಬಿರುಕು ಬಿಡದಿರಲಿ ಅಂತ ಮೇಲೆ ಅಲ್ಯೂಮಿನಿಯಂ ಟೇಪ್. ನಿಮಿಷಕ್ಕೆ 3 ಲೀಟರ್ ಬಿಟ್ಟಾಗ ಈಗ ಇಳಿಯುವುದು 1.4 ಡಿಗ್ರಿ. ಲೆಕ್ಕ: 3 × 1.4 × 70 = 294 ವ್ಯಾಟ್. ಮೊದಲಿನ ಮೂರರಲ್ಲೊಂದು ಪಾಲೂ ಇಲ್ಲ.

ಅವ್ವನಿಗೆ ಹೆಮ್ಮೆಯಿಂದ ಹೇಳಿದೆ. "ಹೌದೇನು? ಮತ್ತ ಮುಂಜಾನೆ ಮೊದಲನೇ ಅರ್ಧ ಬಕೆಟ್ ಇನ್ನೂ ತಣ್ಣಗ ಬರ್ತೈತಲ್ಲ?" ಅಂದಳು. ಬರುತ್ತದೆ. ಆ ಪೈಪಿನ ಹೊಟ್ಟೆಯಲ್ಲಿ ಸುಮಾರು 9 ಲೀಟರ್ ನೀರು ರಾತ್ರಿಯಿಡೀ ಸುಮ್ನೆ ನಿಂತಿರುತ್ತದೆ. ತೋಳು ಹಾಕಿದರೆ ಅದು ನಿಧಾನ ಆರುತ್ತದೆ, ಆದರೆ ಬೆಳಗಾಗುವಷ್ಟರಲ್ಲಿ ಆರಿಯೇ ಆರುತ್ತದೆ. ಅರಿವಿ ನೆನಿ ಹಾಕಲು ಆ ನೀರು ಈಗಲೂ ಅವಳದೇ.