ವೀಸಾಕ್ಕೆ ಮೊದಲು ಅಡ್ಡಹೆಸರು ಸರಿಮಾಡಿಕೊಳ್ಳಿ

ಕೆನಡಾಕ್ಕೆ ಎಷ್ಟು ಅಂಕ ಬೇಕು, ಜರ್ಮನಿಗೆ ಭಾಷೆ ಎಲ್ಲಿಯವರೆಗೆ ಕಲಿಯಬೇಕು ಎಂಬುದನ್ನು ಈಗಿನ ಹುಡುಗರು ಮೊಬೈಲಿನಲ್ಲೇ ನೋಡಿಕೊಂಡಿರುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಅರ್ಜಿಗಳು ಎಡವುವುದು ಅಲ್ಲಲ್ಲ, ಮನೆಯ ಟ್ರಂಕಿನಲ್ಲಿರುವ ಕಾಗದಗಳಲ್ಲಿ.

ನಮ್ಮಲ್ಲಿ ಹೆಸರಿಗೆ ಮೂರು ಭಾಗ: ಸ್ವಂತದ್ದು, ತಂದೆಯದು, ಅಡ್ಡಹೆಸರು (ಮನೆತನದ ಹೆಸರು, ಅಂದರೆ ಸರ್‌ನೇಮ್). ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ‘ಬಿರಾದಾರ ಮಲ್ಲಪ್ಪ ಬಸಪ್ಪ’ ಎಂದಿದ್ದರೆ ಆಧಾರ್‌ನಲ್ಲಿ ‘ಮಲ್ಲಪ್ಪ ಬಿ. ಬಿರಾದಾರ’, ಪ್ಯಾನ್‌ನಲ್ಲಿ ಬರೀ ‘ಮಲ್ಲಪ್ಪ ಬಿರಾದಾರ’. ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರಿನ ಕಾಲಂ ಖಾಲಿ ಬಿಟ್ಟವರ ಪಾಡು ಇನ್ನೂ ಕಷ್ಟ. ಅಮೆರಿಕದ ವೀಸಾದಲ್ಲಿ ಅವರ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’ ಎಂದು ಅಚ್ಚಾಗುತ್ತದೆ. ಒಂದೇ ಪದದ ಹೆಸರಿದ್ದರೆ ಯುಎಇ 2022ರ ನವೆಂಬರ್‌ನಿಂದ ಪ್ರವಾಸಿ ವೀಸಾಕ್ಕೂ ತಕರಾರು ತೆಗೆಯುತ್ತಿದೆ.

ಸರಿಪಡಿಸುವಾಗ ಎಸ್ಎಸ್ಎಲ್‌ಸಿ ಅಂಕಪಟ್ಟಿಯನ್ನೇ ಬೇರು ಎಂದು ಹಿಡಿಯಿರಿ. ಬದಲಿಸಲು ಅದೇ ಎಲ್ಲಕ್ಕಿಂತ ಕಠಿಣ, ಆದ್ದರಿಂದ ಉಳಿದವೇ ಅದಕ್ಕೆ ಹೊಂದಿಕೊಳ್ಳಬೇಕು. ಆಧಾರ್‌ನಲ್ಲಿ ಹೆಸರು ತಿದ್ದಲು ಜನ್ಮದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಪಾಸ್‌ಪೋರ್ಟ್‌ನಲ್ಲಿ ಯಾವ ಪದ ಯಾವ ಕಾಲಂಗೆ ಎಂದು ಕಾಗದದ ಮೇಲೆ ಬರೆದುಕೊಂಡ ಮೇಲೆಯೇ ಆಧಾರ್ ಕೇಂದ್ರದ ಮೆಟ್ಟಿಲು ಹತ್ತಿ. ಮದುವೆಯಲ್ಲಿ ಅಡ್ಡಹೆಸರಷ್ಟೇ ಅಲ್ಲ, ಸ್ವಂತ ಹೆಸರನ್ನೂ ಬದಲಿಸಿದ ಹೆಣ್ಣುಮಕ್ಕಳಿಗೆ ಉಪನೋಂದಣಿ ಕಚೇರಿಯ ವಿವಾಹ ಪ್ರಮಾಣಪತ್ರ ಬೇಕೇ ಬೇಕು. ಕಲ್ಯಾಣಮಂಟಪದ ರಸೀದಿ, ಮಠದ ಪತ್ರ ನಡೆಯುವುದಿಲ್ಲ.

ಊರಿನ ಹೆಸರೂ ಹೀಗೆಯೇ ಕಾಡುತ್ತದೆ. ಜಮಖಂಡಿಯಲ್ಲಿ 1990ರಲ್ಲಿ ಹುಟ್ಟಿದವರ ಹಳೆಯ ದಾಖಲೆ ಬಿಜಾಪುರ ಜಿಲ್ಲೆ ಎನ್ನುತ್ತದೆ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಬಿಜಾಪುರ ವಿಜಯಪುರವಾದದ್ದು, ಬೆಳಗಾಂ ಬೆಳಗಾವಿಯಾದದ್ದು 2014ರ ನವೆಂಬರ್ 1ರಂದು. ಇದನ್ನು ವಿವರಿಸುವ ಎರಡು ಸಾಲಿನ ಪತ್ರವನ್ನು ಅರ್ಜಿಗೆ ಲಗತ್ತಿಸಿದರೆ ಪ್ರಶ್ನೆ ಬರುವುದಿಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಯಲ್ಲಿ ಹುಟ್ಟಿ ಪುನರ್ವಸತಿ ಕೇಂದ್ರದಲ್ಲಿ ಬೆಳೆದವರು ಹಳೆಯ ಊರಿನ ಹೆಸರಿನಲ್ಲೇ ಜನನ ದಾಖಲೆ ಹುಡುಕಿಸಬೇಕು. ಬೆಳಗಾವಿಯ ಮರಾಠಿ ಶಾಲೆಗಳ ದಾಖಲೆಗೆ ಪ್ರಮಾಣಿತ ಇಂಗ್ಲಿಷ್ ಅನುವಾದ ಜೋಡಿಸಬೇಕು.

ಇನ್ನು ಜೂನ್ 1. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದ ಆ ತಾರೀಖು ಅರ್ಧ ಊರಿಗೇ ಹುಟ್ಟುಹಬ್ಬ. ಊಹಿಸಿ ಬರೆದ ವರ್ಷ ಒಂದೇ ಆದರೆ ಅಣ್ಣ–ತಮ್ಮಂದಿರು ಕಾಗದದಲ್ಲಿ ಅವಳಿಗಳಾಗುತ್ತಾರೆ, ಅಥವಾ ಒಬ್ಬನದಷ್ಟೇ ನಿಜವಾದ ತಾರೀಖಾದರೆ ಇಬ್ಬರ ನಡುವೆ ಆರೇ ತಿಂಗಳು ಉಳಿಯುತ್ತದೆ. ಕುಟುಂಬ ವೀಸಾದಲ್ಲಿ ಇಂಥದ್ದನ್ನು ಕಂಡರೆ ಅಧಿಕಾರಿ ಡಿಎನ್‌ಎ ಪರೀಕ್ಷೆಯವರೆಗೂ ಹೋಗಬಹುದು. ಅವಲಂಬಿತ ಮಗುವಿನ ವಯಸ್ಸಿನ ಮಿತಿ ಅಮೆರಿಕಕ್ಕೆ 21ರೊಳಗೆ, ಕೆನಡಾಕ್ಕೆ 22ರೊಳಗೆ, ಬ್ರಿಟನ್‌ಗೆ 18ರೊಳಗೆ. ಹಾಗಾಗಿ ಆರು ತಿಂಗಳ ವ್ಯತ್ಯಾಸವೂ ಮಗುವನ್ನು ಅರ್ಜಿಯಿಂದ ಹೊರಹಾಕಬಲ್ಲದು. ಜನನ ನೋಂದಣಿಯೇ ಆಗಿರದಿದ್ದರೆ ಮೊದಲು ಅಲಭ್ಯತಾ ಪತ್ರ (ದಾಖಲೆ ಸಿಕ್ಕಿಲ್ಲ ಎಂಬ ಪತ್ರ) ಪಡೆದು, ನಂತರ ಮ್ಯಾಜಿಸ್ಟ್ರೇಟರ ಆದೇಶದೊಂದಿಗೆ ತಡ ನೋಂದಣಿ ಮಾಡಿಸಬೇಕು. ಅಲ್ಲಿ ಬರೆಸುವ ತಾರೀಖು ಎಸ್ಎಸ್ಎಲ್‌ಸಿಗೆ ಹೊಂದದಿದ್ದರೆ ಹಳೆಯ ತೊಡಕಿಗೆ ಹೊಸದೊಂದು ಸೇರಿತಷ್ಟೆ.

ಪದವಿಯ ಕಾಗದಕ್ಕೆ ಬಂದರೆ, ಎಂಜಿನಿಯರ್‌ಗಳಿಗೆ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಬೆಳಗಾವಿಯಲ್ಲೇ ಇದೆ, ಅನುಕೂಲ. ಬಿಎ, ಬಿಎಸ್ಸಿಯವರು ಒಂದು ಗಮನಿಸಿ: ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಶುರುವಾದದ್ದು 2010ರಲ್ಲಿ. ಅದಕ್ಕೆ ಮುಂಚೆ ಮುಗಿಸಿದವರ ಟ್ರಾನ್ಸ್‌ಕ್ರಿಪ್ಟ್ (ಎಲ್ಲ ವರ್ಷಗಳ ಅಂಕಗಳ ಅಧಿಕೃತ ಪ್ರತಿ) ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದಲೇ ಬರಬೇಕು.

ಕುಶಲ ಕೆಲಸಗಾರರು ಹೆಚ್ಚು ಕಳೆದುಕೊಳ್ಳುವುದು ಅನುಭವ ಪತ್ರದಲ್ಲಿ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ, ಮಷಿನ್ ಶಾಪ್‌ಗಳು ಕೊಡುವ ಪತ್ರದಲ್ಲಿ ‘ನಮ್ಮಲ್ಲಿ ಕೆಲಸ ಮಾಡಿದ್ದಾರೆ, ನಡತೆ ಒಳ್ಳೆಯದು’ ಎಂದು ಎರಡೇ ಸಾಲು. ಕುಶಲ ಕೆಲಸಗಾರರಿಗೆ ಕಾಯಂ ವಾಸ ಕೊಡುವ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಕೇಳುವುದು ಹುದ್ದೆ, ಸೇರಿದ–ಬಿಟ್ಟ ದಿನಾಂಕ, ವಾರಕ್ಕೆ ಎಷ್ಟು ತಾಸು, ಸಂಬಳ ಮತ್ತು ಮುಖ್ಯವಾಗಿ ದಿನನಿತ್ಯದ ಕೆಲಸದ ವಿವರ. ಸಿಎನ್‌ಸಿ ಯಂತ್ರಕ್ಕೆ ಪ್ರೋಗ್ರಾಂ ಬರೆದವರಿಗೂ, ಅದರ ಮುಂದೆ ನಿಂತು ಗುಂಡಿ ಒತ್ತಿದವರಿಗೂ ಅಲ್ಲಿ ಬೇರೆ ಬೇರೆ ಉದ್ಯೋಗ ಸಂಕೇತ. ಅರ್ಜಿ ಹಾಕಲು ಆಹ್ವಾನ ಬಂದ ಮೇಲೆ ಸಿಗುವುದು 60 ದಿನ. ಅಷ್ಟರಲ್ಲಿ ಹಳೆಯ ಮಾಲೀಕರನ್ನು ಹುಡುಕಿ ಪತ್ರ ಬರೆಸುವುದು ಆಗದ ಮಾತು, ಕೆಲಸ ಬಿಡುವ ದಿನವೇ ಬರೆಸಿಕೊಳ್ಳಿ. ಸಂಬಳ ಕೈಗೆ ನಗದಾಗಿ ಬಂದು ಪಿಎಫ್ ಕೂಡ ಇಲ್ಲದಿದ್ದರೆ ಆ ವರ್ಷಗಳನ್ನು ಸಾಬೀತುಪಡಿಸುವುದು ಬಹಳ ಕಷ್ಟ.

ಹತ್ತನೇ ತರಗತಿ ಪಾಸಾಗದೆ ಗಲ್ಫ್‌ಗೆ ದುಡಿಯಲು ಹೋಗುವವರ ಪಾಸ್‌ಪೋರ್ಟ್ ಇಸಿಆರ್ (ವಲಸೆ ಅನುಮತಿ ಬೇಕಾದ) ವರ್ಗದ್ದು. ಸರ್ಕಾರದ ಇ–ಮೈಗ್ರೇಟ್ ಜಾಲತಾಣದ ಅನುಮತಿ ಬೇಕು, ಏಜೆಂಟರಿಗೆ ನೋಂದಣಿ ಸಂಖ್ಯೆ ಇರಬೇಕು, ಅವರು ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಜಿಎಸ್‌ಟಿ. ಪ್ರವಾಸಿ ವೀಸಾದಲ್ಲಿ ಕಳಿಸಿ ಅಲ್ಲಿ ಕೆಲಸ ಕೊಡಿಸುತ್ತೇನೆ ಎನ್ನುವವರ ಹತ್ತಿರ ಕೂರಲೇಬೇಡಿ.

ಹಣ ಹೂಡಿ ವಲಸೆ ಹೋಗುವ ಹೂಡಿಕೆದಾರರ ದಾರಿಯಲ್ಲಿ ನಮ್ಮ ಭಾಗದ ದೊಡ್ಡ ತೊಡಕು, ದುಡ್ಡು ಇದ್ದರೂ ಅದರ ಮೂಲ ಕಾಗದದಲ್ಲಿ ಇರುವುದಿಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ರಿಟರ್ನ್ಸ್‌ನಲ್ಲಿ ತೋರಿಸಿರುವುದಿಲ್ಲ. ಮಣೂಕ (ಒಣದ್ರಾಕ್ಷಿ) ಮಹಾರಾಷ್ಟ್ರದ ತಾಸಗಾಂವ ಪೇಟೆಯಲ್ಲಿ ಮಾರಿದ್ದರೆ ದಲಾಲರ ಪಟ್ಟಿಗಳನ್ನು, ಕಬ್ಬು ಕಳಿಸಿದ್ದರೆ ಕಾರ್ಖಾನೆಯ ಬಿಲ್ಲುಗಳನ್ನು ವರ್ಷವಾರು ಜೋಡಿಸಿ ಬ್ಯಾಂಕ್ ಜಮೆಗೆ ತಾಳೆ ಹಾಕಬೇಕು. ಉತಾರದ (ಪಹಣಿಯ) ಬೆಳೆ ಕಾಲಂನಲ್ಲಿ ಇನ್ನೂ ಜೋಳವಿದ್ದು ಹೊಲದಲ್ಲಿ ದ್ರಾಕ್ಷಿಯಿದ್ದರೆ, ಮೊದಲು ಅದನ್ನು ತಿದ್ದಿಸಿ.

ಅಮೆರಿಕದ ಹೂಡಿಕೆದಾರರ ವೀಸಾ ಇಬಿ–5ಕ್ಕೆ ಗ್ರಾಮೀಣ ಅಥವಾ ಹೆಚ್ಚು ನಿರುದ್ಯೋಗವಿರುವ ಪ್ರದೇಶದ ಯೋಜನೆಯಾದರೂ 8 ಲಕ್ಷ ಡಾಲರ್ ಬೇಕು. ವಿದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್‌ ಯೋಜನೆಯಲ್ಲಿ ಒಬ್ಬರು ಒಂದು ಆರ್ಥಿಕ ವರ್ಷಕ್ಕೆ ಕಳಿಸಬಹುದಾದದ್ದು 2.5 ಲಕ್ಷ ಡಾಲರ್; ಒಬ್ಬರೇ ಕಳಿಸಿದರೆ ನಾಲ್ಕು ಆರ್ಥಿಕ ವರ್ಷ ಹಿಡಿಯುತ್ತದೆ. ಗಂಡ–ಹೆಂಡತಿ ಇಬ್ಬರೂ ಮಾರ್ಚ್ ಕೊನೆಗೆ ಒಂದು ಕಂತು, ಏಪ್ರಿಲ್ ಮೊದಲಿಗೆ ಇನ್ನೊಂದು ಕಂತು ಕಳಿಸಿದರೆ ಎರಡು ವಾರದಲ್ಲಿ ಮುಗಿಯುತ್ತದೆ. ಹೆಂಡತಿಯ ಖಾತೆಗೆ ಹಣ ಹೇಗೆ ಬಂತು ಎಂಬುದಕ್ಕೆ ದಾನಪತ್ರ ಜೊತೆಗಿರಲಿ. ಹೂಡಿಕೆಗೆ ಕಳಿಸುವ ಹಣ 10 ಲಕ್ಷ ರೂಪಾಯಿ ದಾಟಿದರೆ, ದಾಟಿದ ಮೊತ್ತಕ್ಕೆ ಬ್ಯಾಂಕು 20% ಟಿಸಿಎಸ್ (ಮುಂಗಡವಾಗಿ ಹಿಡಿಯುವ ತೆರಿಗೆ) ವಸೂಲಿ ಮಾಡುತ್ತದೆ. ರಿಟರ್ನ್ಸ್ ಹಾಕಿದರೆ ಅದು ವಾಪಸಾಗುತ್ತದೆ, ಆದರೆ ಅಲ್ಲಿಯವರೆಗೆ ಅಷ್ಟು ಮೊತ್ತವೂ ಕೈಯಲ್ಲಿ ಬೇರೆ ಇರಬೇಕು.