ಕಂಟ್ರೋಲರ್ ಹೊಟ್ಟೆಯೊಳಗಿನ ಅರ್ಧ ಮೆಗಾಬೈಟ್

ಗೇಮ್ ಕಂಟ್ರೋಲರ್ ಅಂದರೆ ಒಂದಷ್ಟು ಗುಂಡಿ, ಎರಡು ಸ್ಟಿಕ್, ಒಂದು ಬ್ಯಾಟರಿ, ಅಷ್ಟೇ ಎಂದುಕೊಂಡವರೇ ಜಾಸ್ತಿ. ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು. 1980ರ ದಶಕದ ನಿಂಟೆಂಡೊ ಎನ್‌ಇಎಸ್ ಕಂಟ್ರೋಲರ್ ಬಿಚ್ಚಿದರೆ ಒಳಗೆ ಸಿಗುವುದು 4021 ಎಂಬ ಒಂದು ಪುಟ್ಟ ಚಿಪ್. ಎಂಟು ಗುಂಡಿಗಳಲ್ಲಿ ಯಾವುದು ಒತ್ತಿದೆ, ಯಾವುದು ಇಲ್ಲ ಎಂದು ಒಂದೊಂದೇ ಬಿಟ್ ಆಗಿ ಸಾಲಾಗಿ ಆಟ ಓಡಿಸುವ ಪೆಟ್ಟಿಗೆಗೆ, ಅಂದರೆ ಕನ್ಸೋಲ್‌ಗೆ, ಹೇಳುವುದಷ್ಟೇ ಅದರ ಕೆಲಸ. ಅದಕ್ಕೆ ನೆನಪು ಎಂಬುದೇ ಇರಲಿಲ್ಲ. ಹಾಗಾಗಿ ಕಳೆದುಕೊಳ್ಳುವಂಥದ್ದೂ ಏನೂ ಇರಲಿಲ್ಲ.

ಇವತ್ತಿನದು ಹಾಗಿಲ್ಲ. 2017ರ ಮಾರ್ಚ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್‌ನ ಜಾಯ್-ಕಾನ್ ನೋಡಿ. ಅಂಗೈಯಲ್ಲಿ ಮುಚ್ಚಿಡಬಹುದಾದ ಆ ಸಣ್ಣ ವಸ್ತುವಿನಲ್ಲಿ ಬ್ರಾಡ್‌ಕಾಮ್ ಕಂಪನಿಯ ಬ್ಲೂಟೂತ್ ಚಿಪ್ ಇದೆ. ಅದರ ಪಕ್ಕದಲ್ಲೇ 512 ಕಿಲೋಬೈಟ್‌ನ ಫ್ಲ್ಯಾಶ್ ಮೆಮೊರಿ ಚಿಪ್ ಇದೆ. ಸರಣಿ ಸಂಖ್ಯೆ, ಪ್ಲಾಸ್ಟಿಕ್ ಕವಚದ ಬಣ್ಣ, ಯಾವ ಕನ್ಸೋಲ್ ಜೊತೆ ಜೋಡಿಯಾಗಿದೆ ಎಂಬ ಗುಟ್ಟಿನ ಕೀಲಿ, ಸ್ಟಿಕ್ ಮತ್ತು ಚಲನೆಯ ಸೆನ್ಸರ್‌ಗಳ ಅಳತೆ, ಫರ್ಮ್‌ವೇರ್ (ಚಿಪ್ ನಡೆಸುವ ಒಳಗಿನ ತಂತ್ರಾಂಶ) ಅಪ್‌ಡೇಟ್ ಎಲ್ಲವೂ ಕೂತಿರುವುದು ಅಲ್ಲೇ. ಈ ಅರ್ಧ ಮೆಗಾಬೈಟ್‌ನಲ್ಲಿ ಒಂದು ಭಾಗ ಆ ಒಂದು ಕಂಟ್ರೋಲರ್‌ಗೆ ಮಾತ್ರ ಸೇರಿದ್ದು. ಫರ್ಮ್‌ವೇರ್ ಹಾಳಾದರೆ ಬೇರೆ ಕಡೆಯಿಂದ ತರಬಹುದೇನೋ. ಆದರೆ ಕಾರ್ಖಾನೆಯಲ್ಲಿ ನಿಮ್ಮ ಕಂಟ್ರೋಲರನ್ನೇ ಅಳೆದು ಬರೆದ ಅಂಕಿಗಳು ಇಂಟರ್‌ನೆಟ್‌ನ ಯಾವ ಮೂಲೆಯಲ್ಲೂ ಸಿಗುವುದಿಲ್ಲ. ಆದ್ದರಿಂದ ಕಂಟ್ರೋಲರ್ ಮಾರ್ಪಾಡಿನ ಬಗ್ಗೆ ಯಾರೇ ಕೇಳಲಿ, ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಬ್ಯಾಕಪ್ ತೆಗೆದಿದ್ದೀರಾ?

ಕಂಪನಿಯ ಒಪ್ಪಿಗೆಯ ಮುದ್ರೆ ಇಲ್ಲದೆ, ಆಸಕ್ತರು ತಾವೇ ಬರೆದುಕೊಂಡ ತಂತ್ರಾಂಶಕ್ಕೆ ಹೋಮ್‌ಬ್ರೂ ಎನ್ನುತ್ತಾರೆ. ಕಂಟ್ರೋಲರ್‌ಗಳ ವಿಷಯದಲ್ಲಿ ಇದು ಜೋರಾಗಿದ್ದು 2006ರ ನಂತರ. ಆ ವರ್ಷ ಬಂದ ನಿಂಟೆಂಡೊ ವೀ ಕನ್ಸೋಲ್‌ನ ರಿಮೋಟ್ ಕೀಬೋರ್ಡ್, ಮೌಸ್‌ಗಳ ಹಾಗೆ ಮಾಮೂಲಿ ಬ್ಲೂಟೂತ್‌ನಲ್ಲೇ ಮಾತಾಡುತ್ತಿತ್ತು. ಕಂಪ್ಯೂಟರ್‌ಗೆ ಜೋಡಿಸಿ ಅದರ ಮಾತು ಕೇಳಿಸಿಕೊಳ್ಳುವುದು ಕಷ್ಟವಾಗಲಿಲ್ಲ. 2007ರಲ್ಲಿ ಸಂಶೋಧಕ ಜಾನಿ ಚುಂಗ್ ಲೀ ಆ ರಿಮೋಟ್‌ನ ಇನ್‌ಫ್ರಾರೆಡ್ ಕ್ಯಾಮೆರಾವನ್ನೇ ಬಳಸಿ ಗೋಡೆಯನ್ನು ಡಿಜಿಟಲ್ ಬೋರ್ಡ್ ಮಾಡಿ ತೋರಿಸಿದರು. ರಿಮೋಟ್‌ನೊಳಗೆ 16 ಕಿಲೋಬೈಟ್ ಮೆಮೊರಿಯೂ ಇತ್ತು. ಆಟಗಾರರು ತಾವು ಮಾಡಿಕೊಂಡ 'ಮೀ' ಗೊಂಬೆಗಳಲ್ಲಿ ಹತ್ತನ್ನು ಅದರಲ್ಲಿಟ್ಟು ಗೆಳೆಯರ ಕನ್ಸೋಲ್‌ಗೆ ಒಯ್ಯಬಹುದಿತ್ತು. ಅವನ್ನು ಕಂಪ್ಯೂಟರ್‌ಗೆ ಇಳಿಸಿ ಕಾಪಾಡುವ ತಂತ್ರಾಂಶವನ್ನೂ ಜನ ಬರೆದರು. 2006ರಲ್ಲೇ ಬಂದ ಪ್ಲೇಸ್ಟೇಷನ್ 3ರ ಕಂಟ್ರೋಲರ್ ತನ್ನ ಯಜಮಾನ ಯಾರು ಎಂಬುದನ್ನು ಆರು ಬೈಟ್‌ಗಳ ಬ್ಲೂಟೂತ್ ವಿಳಾಸವಾಗಿ ನೆನಪಿಟ್ಟುಕೊಳ್ಳುತ್ತಿತ್ತು. ಯುಎಸ್‌ಬಿ ಕೇಬಲ್ ಹಾಕಿ ಆ ಆರು ಬೈಟ್ ಬದಲಿಸಿದರೆ ಸಾಕು, ಅದು ಕಂಪ್ಯೂಟರ್ ಹುಡುಕಿಕೊಂಡು ಬರುತ್ತಿತ್ತು.

ಈಗ ಜಾಯ್-ಕಾನ್‌ನ ಚಿಪ್‌ನೊಳಗೆ ಸ್ವಲ್ಪ ಇಳಿದು ನೋಡೋಣ. ಅದರ ಮಾತುಕತೆಯ ವಿಧಾನವನ್ನು ಆಸಕ್ತರು ತಾಳ್ಮೆಯಿಂದ ಬಿಡಿಸಿ ಬರೆದಿಟ್ಟಿದ್ದಾರೆ. ಜಾಯ್-ಕಾನ್ ಟೂಲ್‌ಕಿಟ್ ಎಂಬ ಉಚಿತ ತಂತ್ರಾಂಶ ನಿಂತಿರುವುದು ಈ ತಿಳಿವಳಿಕೆಯ ಮೇಲೇ. ಬ್ಲೂಟೂತ್ ಮೂಲಕ 'ಇಂಥ ವಿಳಾಸದಿಂದ ಇಷ್ಟು ಬೈಟ್ ಓದಿ ಕೊಡು' ಎಂದು ಕೇಳಿದರೆ ಜಾಯ್-ಕಾನ್ ಕೊಡುತ್ತದೆ. ಸ್ಕ್ರೂ ಬಿಚ್ಚುವುದು ಬೇಡ, ತಂತಿ ಬೆಸೆಯುವುದೂ ಬೇಡ. ಆದರೆ ಒಂದು ಸಲಕ್ಕೆ ಹೆಚ್ಚೆಂದರೆ 29 ಬೈಟ್ ಮಾತ್ರ ಬರುತ್ತದೆ. ಇಡೀ ಚಿಪ್‌ನಲ್ಲಿ 5,24,288 ಬೈಟ್‌ಗಳಿವೆ. ಅಂದರೆ 18 ಸಾವಿರಕ್ಕೂ ಜಾಸ್ತಿ ಸಲ ಕೇಳಬೇಕು. ಒಂದು ಉತ್ತರಕ್ಕೆ 15 ಮಿಲಿಸೆಕೆಂಡ್ ಹಿಡಿದರೂ ನಾಲ್ಕೂವರೆ ನಿಮಿಷ ಆಯಿತು. ಬ್ಯಾಕಪ್ ಎಷ್ಟಾಯಿತೆಂದು ತೋರಿಸುವ ಪಟ್ಟಿ ಆಮೆಯ ಹಾಗೆ ತೆವಳುವುದಕ್ಕೆ ಕಾರಣ ಇದೇ. ಅವಸರಪಟ್ಟು ಮಧ್ಯದಲ್ಲೇ ನಿಲ್ಲಿಸಬೇಡಿ.

ಹೆಕ್ಸ್ ಲೆಕ್ಕದಲ್ಲಿ (ಹದಿನಾರರ ಆಧಾರದ ಎಣಿಕೆ, 9ರ ನಂತರ ಎ, ಬಿ, ಸಿ, ಡಿ, ಇ, ಎಫ್) 6050 ಎಂಬ ವಿಳಾಸಕ್ಕೆ ಹೋದರೆ ಮೂರು ಬೈಟ್ ಸಿಗುತ್ತವೆ. ಅದು ಕವಚದ ಬಣ್ಣ: ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಎಂಬ ಅಳತೆ. ನಿಯಾನ್ ಕೆಂಪು ಜಾಯ್-ಕಾನ್‌ನಲ್ಲಿ 255, 60, 40 ಎಂದಿರುತ್ತದೆ. ನಿಯಾನ್ ನೀಲಿಯಲ್ಲಿ 10, 185, 230. ಅದರ ಪಕ್ಕದ ಮೂರು ಬೈಟ್ ಗುಂಡಿಗಳ ಬಣ್ಣ. ಕಂಟ್ರೋಲರ್ ಜೋಡಿಸಿದ ಕೂಡಲೇ ಅದೇ ಬಣ್ಣದ ಚಿತ್ರ ಸ್ವಿಚ್‌ನ ಪರದೆಯಲ್ಲಿ ಮೂಡುತ್ತದಲ್ವಾ? ಕನ್ಸೋಲ್ ಈ ಬೈಟ್‌ಗಳನ್ನು ಓದಿಕೊಂಡು ಚಿತ್ರ ಬಿಡಿಸುತ್ತದೆ. ಕವಚ ಬದಲಿಸಿ ಹಸಿರೋ ಹಳದಿಯೋ ಹಾಕಿಕೊಂಡವರು ಈ ಆರು ಬೈಟ್ ಬದಲಿಸಿದರೆ ಪರದೆಯ ಮೇಲಿನ ಚಿತ್ರವೂ ಹೊಂದುತ್ತದೆ. ಕಂಟ್ರೋಲರ್ ಮಾರ್ಪಾಡಿಗೆ ಬಹಳ ಜನ ಕಾಲಿಡುವುದು ಇದೇ ಬಾಗಿಲಿನಿಂದ. ನೋಡಲು ಚಂದ, ಕೆಲಸ ಚಿಕ್ಕದು.

ಆದರೆ ನನಗೆ ಹೆಚ್ಚು ಇಷ್ಟವಾಗುವುದು ಇದಕ್ಕೂ ಸ್ವಲ್ಪ ಮೊದಲಿರುವ ಒಂಬತ್ತು ಬೈಟ್‌ಗಳು. 603ಡಿ ಎಂಬ ವಿಳಾಸದಿಂದ ಎಡ ಸ್ಟಿಕ್‌ನ ಕಾರ್ಖಾನೆ ಅಳತೆ ಶುರುವಾಗುತ್ತದೆ. ಸ್ಟಿಕ್ ಎಲ್ಲಿದೆ ಎಂಬುದನ್ನು ಜಾಯ್-ಕಾನ್ 12 ಬಿಟ್‌ಗಳಲ್ಲಿ, ಅಂದರೆ 0ಯಿಂದ 4095ರವರೆಗಿನ ಒಂದು ಸಂಖ್ಯೆಯಾಗಿ ಅಳೆಯುತ್ತದೆ. ನಡುವೆ ನಿಂತ ಸ್ಟಿಕ್ ಸರಿಯಾಗಿ 2048 ತೋರಿಸಬೇಕು ಅನ್ನಿಸುತ್ತದೆ. ಯಾವ ಸ್ಟಿಕ್ಕೂ ಅಷ್ಟು ಕರಾರುವಾಕ್ಕಾಗಿ ತಯಾರಾಗುವುದಿಲ್ಲ. ಹಾಗಾಗಿ ನಡುಬಿಂದು ಎಲ್ಲಿದೆ, ಅಲ್ಲಿಂದ ಪ್ರತಿ ದಿಕ್ಕಿಗೆ ಎಷ್ಟು ದೂರ ಹೋಗುತ್ತದೆ ಎಂದು ಕಾರ್ಖಾನೆಯಲ್ಲಿ ಅಳೆದು ಆರು ಸಂಖ್ಯೆ ಬರೆದಿಡುತ್ತಾರೆ. ಒಂದು ಬೈಟ್‌ಗೆ ಎಂಟು ಬಿಟ್. 12 ಬಿಟ್‌ನ ಎರಡು ಸಂಖ್ಯೆ ಮೂರು ಬೈಟ್‌ನಲ್ಲಿ ಸರಿಯಾಗಿ ಹಿಡಿಸುತ್ತವೆ. ಉದಾಹರಣೆಗೆ ನಡುಬಿಂದುವಿನ ಮೂರು ಬೈಟ್ 02, 18, 7ಸಿ ಎಂದಿರಲಿ. ಮಧ್ಯದ 18ನ್ನು ಎರಡಾಗಿ ಸೀಳಿ. ಅದರ 8ನ್ನು 02ರ ಮುಂದಿಟ್ಟರೆ 802, ನಮ್ಮ ಲೆಕ್ಕದಲ್ಲಿ 2050. ಉಳಿದ 1ನ್ನು 7ಸಿ ಹಿಂದೆ ಸೇರಿಸಿದರೆ 7ಸಿ1, ಅಂದರೆ 1985. ಅಡ್ಡ ದಿಕ್ಕಿನ ನಡು 2050, ಉದ್ದ ದಿಕ್ಕಿನ ನಡು 1985. ಎಡ ಸ್ಟಿಕ್‌ನಲ್ಲಿ ಮೊದಲು ಗರಿಷ್ಠ, ಆಮೇಲೆ ನಡು, ಕೊನೆಗೆ ಕನಿಷ್ಠ ಎಂಬ ಕ್ರಮ ಇದೆ. ಬಲ ಸ್ಟಿಕ್‌ನಲ್ಲಿ ನಡುವೇ ಮೊದಲು, ನಂತರ ಕನಿಷ್ಠ, ಆಮೇಲೆ ಗರಿಷ್ಠ. ಯಾಕೆ ಹೀಗೆ ಬೇರೆ ಬೇರೆ ಮಾಡಿದರೋ ಮಾಡಿದವರೇ ಹೇಳಬೇಕು. ಆದರೆ ಎಡದ ಅಳತೆಯನ್ನು ಬಲದ ಜಾಗಕ್ಕೆ ನಕಲು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ: ಸ್ಟಿಕ್ ಹುಚ್ಚು ಹಿಡಿದ ಹಾಗೆ ಆಡುತ್ತದೆ.

ನೀವೇ ಕನ್ಸೋಲ್‌ನ ಸೆಟ್ಟಿಂಗ್‌ನಲ್ಲಿ ಸ್ಟಿಕ್ ಕ್ಯಾಲಿಬ್ರೇಟ್ ಮಾಡಿದರೆ ಆ ಹೊಸ ಅಳತೆ ಕಾರ್ಖಾನೆಯ ಅಂಕಿಗಳ ಮೇಲೆ ಬೀಳುವುದಿಲ್ಲ. ಅದು 8010ರ ಸುತ್ತಮುತ್ತ ಬೇರೆಯೇ ಜಾಗದಲ್ಲಿ ಕೂರುತ್ತದೆ. ಅದರ ಮುಂದೆ ಬಿ2, ಎ1 ಎಂಬ ಎರಡು ಗುರುತಿನ ಬೈಟ್ ಇರುತ್ತವೆ. ಗುರುತು ಕಂಡರೆ ಹೊಸ ಅಳತೆ ಬಳಸು, ಇಲ್ಲದಿದ್ದರೆ ಕಾರ್ಖಾನೆಯದ್ದೇ ಗತಿ ಎಂಬುದು ನಿಯಮ. 2022ರ ಜನವರಿಯಲ್ಲಿ ಬಂದ ಲಿನಕ್ಸ್ ಕರ್ನಲ್ (ಕಾರ್ಯಾಚರಣೆ ವ್ಯವಸ್ಥೆಯ ತಿರುಳು) 5.16ರಿಂದ ಜಾಯ್-ಕಾನ್‌ಗೆ ಡ್ರೈವರ್ ಒಳಗೇ ಬರುತ್ತದೆ. ಅದೂ ಇದೇ ಅಂಕಿಗಳನ್ನು ಇದೇ ಕ್ರಮದಲ್ಲಿ ಓದಿಕೊಳ್ಳುತ್ತದೆ. ಆಸಕ್ತರು ಬಿಡಿಸಿಟ್ಟ ಒಗಟು ಲಕ್ಷಾಂತರ ಕಂಪ್ಯೂಟರ್‌ಗಳ ಕರ್ನಲ್‌ಗೆ ಹೋಗಿ ಸೇರಿದ್ದು ನನಗಂತೂ ತುಂಬ ಸಂತೋಷದ ವಿಷಯ. ಇನ್ನು ಮೂಲ ಅಳತೆಯನ್ನು ಮುಟ್ಟದೆ ಪಕ್ಕದಲ್ಲಿ ಹೊಸದನ್ನು ಇಡುವ ಈ ಏರ್ಪಾಡು ಬಹಳ ಜಾಣತನದ್ದು. ನೀವು ಮಾರ್ಪಾಡು ಮಾಡುವಾಗಲೂ ಇದನ್ನೇ ಪಾಲಿಸಿ. ತಿದ್ದುವುದಿದ್ದರೆ ಬಳಕೆದಾರರ ಜಾಗದಲ್ಲಿ ತಿದ್ದಿ, ಕಾರ್ಖಾನೆಯ ಜಾಗಕ್ಕೆ ಕೈ ಹಾಕಬೇಡಿ.

ಬಣ್ಣದ ಬೈಟ್‌ಗಳು ಇರುವುದು ಮಾತ್ರ ಕಾರ್ಖಾನೆಯ ಜಾಗದಲ್ಲೇ. ಅಪಾಯ ಇರುವುದೂ ಇಲ್ಲೇ. ಫ್ಲ್ಯಾಶ್ ಮೆಮೊರಿಯಲ್ಲಿ ಬರೆಯುವುದೆಂದರೆ 1 ಇದ್ದ ಬಿಟ್‌ಗಳನ್ನು 0 ಮಾಡುವುದು. 0ಯನ್ನು ಮತ್ತೆ 1 ಮಾಡಬೇಕಾದರೆ ಒಂದು ಬಿಟ್‌ಗೆ, ಒಂದು ಬೈಟ್‌ಗೆ ಆಗುವುದಿಲ್ಲ. 4 ಕಿಲೋಬೈಟ್‌ನ ಇಡೀ ಸೆಕ್ಟರನ್ನೇ ಅಳಿಸಬೇಕು. ಸ್ಲೇಟಿನಲ್ಲಿ ಒಂದಕ್ಷರ ತಿದ್ದುವುದಕ್ಕೆ ಇಡೀ ಸ್ಲೇಟ್ ಒರೆಸಿ ಮೊದಲಿಂದ ಬರೆದ ಹಾಗೆ. 6000ದಿಂದ ಶುರುವಾಗುವ ಆ ಒಂದೇ ಸೆಕ್ಟರ್‌ನಲ್ಲಿ ಬಣ್ಣದ ಜೊತೆಗೆ ಸರಣಿ ಸಂಖ್ಯೆ, ಸ್ಟಿಕ್‌ನ ಕಾರ್ಖಾನೆ ಅಳತೆ, ಚಲನೆಯ ಸೆನ್ಸರ್‌ಗಳ ಅಳತೆ ಎಲ್ಲ ಒಟ್ಟಿಗೇ ಇವೆ. ಈ ಒರೆಸಿ ಬರೆಯುವ ಕೆಲಸವನ್ನು ಕಂಟ್ರೋಲರ್‌ನ ಫರ್ಮ್‌ವೇರ್ ಮಾಡಲಿ, ಹೊರಗಿನ ತಂತ್ರಾಂಶ ಮಾಡಲಿ, ಮಧ್ಯದಲ್ಲಿ ಬ್ಯಾಟರಿ ಕೈಕೊಟ್ಟರೆ ಬಣ್ಣದ ಆಸೆಗೆ ಅಳತೆಯೂ ಹೋಗಬಹುದು. ಬ್ಯಾಟರಿ ತುಂಬಿಸಿಕೊಂಡು ಕೂರಿ ಎಂದು ಎಲ್ಲರೂ ಹೇಳುವುದು ಸುಮ್ನೆ ಅಲ್ಲ.

ಬ್ಯಾಕಪ್ ತೆಗೆದಾಯಿತು ಅಂದುಕೊಳ್ಳಿ. ಅದು ಸರಿಯಾಗಿದೆ ಎಂದು ಹೇಗೆ ಗೊತ್ತು? ಮೊದಲು ಫೈಲಿನ ಗಾತ್ರ ನೋಡಿ. ಪೂರ್ತಿ 5,24,288 ಬೈಟ್ ಇರಬೇಕು, ಒಂದು ಕಡಿಮೆ ಇದ್ದರೂ ಕೆಲಸ ಅರ್ಧಕ್ಕೆ ನಿಂತಿದೆ. ಆಮೇಲೆ ಇನ್ನೊಂದು ಸಲ ಓದಿ, ಎರಡೂ ಫೈಲುಗಳನ್ನು ಹೋಲಿಸಿ. ಎಸ್‌ಎಚ್‌ಎ-256 (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಲೆಕ್ಕ ಹಾಕಿದರೆ ಸಾಕು, ಒಂದೇ ಬಿಟ್ ಬೇರೆಯಿದ್ದರೂ ಉತ್ತರ ಪೂರಾ ಬೇರೆ ಬರುತ್ತದೆ. ಎರಡು ಓದಿನ ನಡುವೆ ಕಂಟ್ರೋಲರನ್ನು ಬೇರೆ ಸಾಧನಕ್ಕೆ ಜೋಡಿಸಬೇಡಿ. ಜೋಡಿಸಿದರೆ 2000ದ ಹತ್ತಿರವಿರುವ ಜೋಡಣೆಯ ಮಾಹಿತಿ ಬದಲಾಗಿ ನೀವು ವಿನಾಕಾರಣ ಗಾಬರಿಯಾಗುತ್ತೀರಿ. ಹೆಕ್ಸ್ ಎಡಿಟರ್‌ನಲ್ಲಿ ತೆರೆದು 6050ಕ್ಕೆ ಹೋಗಿ ನಿಮ್ಮ ಕಂಟ್ರೋಲರ್‌ನ ಬಣ್ಣ ಅಲ್ಲಿದೆಯೇ ನೋಡಿ. ಬರೀ ಎಫ್‌ಎಫ್, ಎಫ್‌ಎಫ್ ಎಂದು ಉದ್ದಕ್ಕೂ ತುಂಬಿದ್ದರೆ ಅದು ಖಾಲಿ ಜಾಗ. ಅಳಿಸಿದ ಫ್ಲ್ಯಾಶ್ ಕಾಣುವುದೇ ಹಾಗೆ. ಎಡಕ್ಕೊಂದು, ಬಲಕ್ಕೊಂದು ಪ್ರತ್ಯೇಕ ಫೈಲ್ ಇರಬೇಕು. ಹೆಸರಿನಲ್ಲಿ ಎಡ-ಬಲ, ತಾರೀಖು ಎರಡೂ ಇರಲಿ.

ಇನ್ನೊಂದು ಮಾತು. ಆ ಫೈಲನ್ನು ಯಾರಿಗೂ ಕಳಿಸಬೇಡಿ. ಸಹಾಯ ಕೇಳುವ ಭರದಲ್ಲಿ ಇಡೀ ಬ್ಯಾಕಪ್ ಹಂಚಿಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದರಲ್ಲಿ ನಿಮ್ಮ ಸರಣಿ ಸಂಖ್ಯೆ ಇದೆ, ಕನ್ಸೋಲ್ ಜೊತೆಗಿನ ಬ್ಲೂಟೂತ್ ಕೀಲಿ ಇದೆ. ಹಾಗೆಯೇ ಬೇರೆಯವರ ಬ್ಯಾಕಪ್ ತಂದು ನಿಮ್ಮದಕ್ಕೆ ಸುರಿಯಲೂ ಬೇಡಿ. ಅವರ ಸ್ಟಿಕ್‌ನ ನಡುಬಿಂದು ಅವರದ್ದು, ನಿಮ್ಮದಲ್ಲ.

ಎಲ್ಲ ಕಂಟ್ರೋಲರ್‌ಗಳೂ ಇಷ್ಟು ಉದಾರಿಗಳಲ್ಲ. ಕೆಲವು ಮೈಕ್ರೋಕಂಟ್ರೋಲರ್ (ಪುಟ್ಟ ಕಂಪ್ಯೂಟರಿನಂಥ) ಚಿಪ್‌ಗಳಿಗೆ ಓದು-ಬೀಗ ಹಾಕಿರುತ್ತಾರೆ. ಎಸ್‌ಟಿಎಂ32 ಬಗೆಯ ಚಿಪ್‌ಗಳಲ್ಲಿ ಮೊದಲ ಹಂತದ ಬೀಗ ತೆಗೆಯಲು ಹೋದರೆ ಚಿಪ್ ತನ್ನ ಫ್ಲ್ಯಾಶನ್ನು ತಾನೇ ಅಳಿಸಿಕೊಳ್ಳುತ್ತದೆ. ಅಲ್ಲಿ ಬ್ಯಾಕಪ್ ತೆಗೆಯುವ ಪ್ರಯತ್ನವೇ ಮೂಲಕ್ಕೆ ಕುತ್ತು. ಇದಕ್ಕೆ ತದ್ವಿರುದ್ಧ ರಾಸ್ಪ್‌ಬೆರಿ ಪೈ ಪಿಕೊ ಬೋರ್ಡ್‌ನ ಆರ್‌ಪಿ2040 ಚಿಪ್. ಚಾಲೂ ಆದೊಡನೆ ಓಡುವ ಅದರ ಬೂಟ್ ಕೋಡ್ ಅಳಿಸಲಾಗದ, ಓದಲು ಮಾತ್ರ ಬರುವ ಮೆಮೊರಿಯಲ್ಲಿದೆ. ತಪ್ಪು ಫರ್ಮ್‌ವೇರ್ ಹಾಕಿದರೂ ಬೂಟ್ ಗುಂಡಿ ಒತ್ತಿಕೊಂಡು ಯುಎಸ್‌ಬಿಗೆ ಚುಚ್ಚಿದರೆ ಪೆನ್‌ಡ್ರೈವ್‌ನಂತೆ ಎದ್ದು ಬರುತ್ತದೆ, ಹೊಸ ಫೈಲ್ ಹಾಕಿದರೆ ಮುಗಿಯಿತು. ಜಿಪಿ2040-ಸಿಇ ಎಂಬ ತೆರೆದ ಫರ್ಮ್‌ವೇರ್ ಇದೇ ಚಿಪ್‌ಗೆ ಬರೆದದ್ದು. ಕಂಟ್ರೋಲರ್ ಕೈಯಾರೆ ಕಟ್ಟಿ ಕಲಿಯಬೇಕು ಎನ್ನುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ.

ಹಳೆಯ ಕಂಟ್ರೋಲರ್‌ಗಳ ಪೈಕಿ ಬ್ಯಾಕಪ್‌ನ ತುರ್ತು ಇರುವುದು ನಿಂಟೆಂಡೊ 64ರ ಕಂಟ್ರೋಲರ್ ಪ್ಯಾಕ್‌ಗೆ. ಕಂಟ್ರೋಲರ್‌ನ ಹಿಂಬದಿಗೆ ಸಿಗಿಸುವ ಆ ಪ್ಯಾಕ್‌ನಲ್ಲಿ 32 ಕಿಲೋಬೈಟ್ ಎಸ್‌ರ್ಯಾಮ್ ಇದೆ. ಅದರ ನೆನಪನ್ನು ಹಿಡಿದಿಟ್ಟಿರುವುದು ಒಂದು ನಾಣ್ಯದಾಕಾರದ ಬ್ಯಾಟರಿ. ಅದು ಸತ್ತ ದಿನ ಆಟಗಳ ಸೇವ್ ಎಲ್ಲ ಮಾಯ. ಸೆಗಾ ಡ್ರೀಮ್‌ಕಾಸ್ಟ್ ಕನ್ಸೋಲ್‌ನ ಕಂಟ್ರೋಲರ್‌ಗೆ ಸಿಗಿಸುವ ಮೆಮೊರಿ ಸಾಧನವಾದ ವಿಎಂಯುನಲ್ಲೂ ಬ್ಯಾಟರಿ ಇದೆ, ಆದರೆ ಸೇವ್‌ಗಳು ಕೂತಿರುವುದು 128 ಕಿಲೋಬೈಟ್ ಫ್ಲ್ಯಾಶ್‌ನಲ್ಲಿ. ಬ್ಯಾಟರಿ ಹೋದರೂ ಅವು ಉಳಿಯುತ್ತವೆ. ಮನೆಯಲ್ಲಿ ಎರಡೂ ಇದ್ದರೆ ಮೊದಲು ಯಾವುದನ್ನು ಇಳಿಸಿಕೊಳ್ಳಬೇಕು ಎಂದು ಬೇರೆ ಹೇಳಬೇಕಿಲ್ಲ.

ಬಹಳ ಜನ ಈ ಎಲ್ಲಕ್ಕೂ ಕೈಹಾಕುವುದು ಸ್ಟಿಕ್ ತಾನೇ ಜಾರಲು ಶುರುವಾದಾಗ. ಜಾಯ್-ಕಾನ್ ಸ್ಟಿಕ್‌ನಲ್ಲಿ ಇಂಗಾಲದ ಪಟ್ಟಿಯ ಮೇಲೆ ಲೋಹದ ತುದಿಗಳು ಉಜ್ಜುತ್ತಾ ಓಡಾಡುತ್ತವೆ. ಪಟ್ಟಿ ಸವೆದಂತೆ ಅಳತೆ ಬದಲಾಗುತ್ತದೆ. ನಡುಬಿಂದು ಒಂದು ಕಡೆಗೆ ಸರಿದು ಅಲ್ಲೇ ನಿಂತಿದ್ದರೆ ಹೊಸ ಕ್ಯಾಲಿಬ್ರೇಶನ್ ಬರೆದು ಸರಿಮಾಡಬಹುದು. ಅಂಕಿ ಒಂದೆಡೆ ನಿಲ್ಲದೆ ಕುಣಿಯುತ್ತಿದ್ದರೆ ಯಾವ ತಂತ್ರಾಂಶದಿಂದಲೂ ಆಗುವುದಿಲ್ಲ, ಸ್ಟಿಕ್ ಬದಲಿಸಲೇಬೇಕು. ಬದಲಿಸುವುದಾದರೆ ಹಾಲ್ ಸೆನ್ಸರ್ ಸ್ಟಿಕ್ ಒಳ್ಳೆಯದು. ಎಡ್ವಿನ್ ಹಾಲ್ 1879ರಲ್ಲಿ ಕಂಡುಕೊಂಡ ಪರಿಣಾಮವನ್ನೇ ಅದು ಬಳಸುತ್ತದೆ. ಆಯಸ್ಕಾಂತ ಅತ್ತಿತ್ತ ಸರಿದಂತೆ ಸೆನ್ಸರ್‌ನಲ್ಲಿ ವೋಲ್ಟೇಜ್ ಬದಲಾಗುತ್ತದೆ. ಅಳೆಯುವ ಭಾಗಗಳು ಒಂದನ್ನೊಂದು ಮುಟ್ಟುವುದೇ ಇಲ್ಲ, ಹಾಗಾಗಿ ಅಲ್ಲಿ ಸವೆತವೂ ಇಲ್ಲ.

ಹೊಸ ಸ್ಟಿಕ್ ಕೂರಿಸಿದ ಮೇಲೆ ಹಳೆಯ ಬ್ಯಾಕಪ್‌ನ ಸ್ಥಾನ ಸ್ವಲ್ಪ ಬದಲಾಗುತ್ತದೆ. ಅದರಲ್ಲಿರುವ ಸ್ಟಿಕ್ ಅಳತೆ ಕಸಕ್ಕೆ ಹೋದ ಸ್ಟಿಕ್‌ನದ್ದು. ಸರಣಿ ಸಂಖ್ಯೆ, ಬಣ್ಣ, ಚಲನೆಯ ಸೆನ್ಸರ್‌ಗಳ ಅಂಕಿ ಈಗಲೂ ನಿಮ್ಮ ಕಂಟ್ರೋಲರ್‌ನದ್ದೇ. ಹಾಗಾಗಿ ಹಳೆಯದನ್ನು ಅಳಿಸಬೇಡಿ, ಇಡಿಯಾಗಿ ವಾಪಸ್ ಸುರಿಯಲೂ ಬೇಡಿ. ಮೊದಲು ಹೊಸ ಸ್ಟಿಕ್‌ಗೆ ಕ್ಯಾಲಿಬ್ರೇಶನ್ ಮಾಡಿ, ಎರಡು ದಿನ ಆಡಿ ನೋಡಿ, ಎಲ್ಲ ಸರಿ ಇದೆ ಅನ್ನಿಸಿದ ಮೇಲೆ ಇನ್ನೊಂದು ಬ್ಯಾಕಪ್ ತೆಗೆದು ಹಳೆಯದರ ಪಕ್ಕದಲ್ಲೇ ಇಡಿ.