ಪದ ಪರಿಚಯ: ಡಯಾಸಿಸ್

ಇಂಗ್ಲೆಂಡಿನ ಚರ್ಚಿನಿಂದ ಬೆಳೆದ ಆಂಗ್ಲಿಕನ್ ಪರಂಪರೆಯಲ್ಲಿ ಒಬ್ಬ ಬಿಷಪ್ಪರ ಮೇಲ್ವಿಚಾರಣೆಗೆ ಒಳಪಟ್ಟ ಪ್ರದೇಶವನ್ನೂ ಅಲ್ಲಿನ ಸಭೆಗಳನ್ನೂ (ಭಕ್ತರ ಸಮುದಾಯಗಳನ್ನೂ) ಒಟ್ಟಾಗಿ ಡಯಾಸಿಸ್ ಎನ್ನುತ್ತಾರೆ. ಬಿಷಪ್ಪರ ಪೀಠವಿರುವ ಚರ್ಚೇ ಕೆಥೆಡ್ರಲ್. ಕಟ್ಟಡದ ಗಾತ್ರ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಈ ವ್ಯವಸ್ಥೆ ನಮ್ಮಲ್ಲಿ ಬೆಳೆದ ಬಗೆಯನ್ನು ಅರಿಯಲು ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ಒಂದೇ ಸಾಕು. 1808ರಲ್ಲಿ ಅದಕ್ಕೆ ಅಡಿಗಲ್ಲು ಬಿದ್ದಾಗ ಭಾರತದಲ್ಲಿ ಆಂಗ್ಲಿಕನ್ ಬಿಷಪ್ಪರೇ ಇರಲಿಲ್ಲ. 1812ರಲ್ಲಿ ಕಟ್ಟಡ ಮುಗಿದರೂ, ಚರ್ಚಿನ ಪ್ರತಿಷ್ಠೆಯನ್ನು ಬಿಷಪ್ಪರೇ ನೆರವೇರಿಸಬೇಕಾದ್ದರಿಂದ, 1814ರಲ್ಲಿ ಕಲ್ಕತ್ತಾ ಡಯಾಸಿಸ್ ಸ್ಥಾಪನೆಯಾಗಿ ಅದರ ಮೊದಲ ಬಿಷಪ್ ಥಾಮಸ್ ಮಿಡಲ್ಟನ್ ಅಧಿಕಾರಕ್ಕೆ ಬಂದ ಮೇಲೆ, 1816ರಲ್ಲಿ ಆ ವಿಧಿ ನಡೆಯಿತು. ಈಸ್ಟ್ ಇಂಡಿಯಾ ಕಂಪನಿಯ ಆಡಳಿತವಿದ್ದ ಅಷ್ಟೂ ನೆಲಕ್ಕೆ ಒಬ್ಬರೇ ಬಿಷಪ್ ಎಂಬುದು ಕಾಗದದ ಮೇಲಷ್ಟೇ ಸಾಧ್ಯವಿದ್ದ ಏರ್ಪಾಡು. 1835ರಲ್ಲಿ ಮದ್ರಾಸ್ ಪ್ರತ್ಯೇಕ ಡಯಾಸಿಸ್ ಆಯಿತು.

ನಿಜವಾದ ತಿರುವು 1947ರ ಸೆಪ್ಟೆಂಬರ್ 27ರಂದು ಬಂತು. ಅಂದು ದಕ್ಷಿಣ ಭಾರತದ ಆಂಗ್ಲಿಕನ್ನರು, ಮೆಥಡಿಸ್ಟರು ಮತ್ತು ಅದಾಗಲೇ ಒಗ್ಗೂಡಿದ್ದ ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಸಭೆಗಳು ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ, ರೂಪುಗೊಂಡಿತು. ಬಿಷಪ್ಪರ ಪದ್ಧತಿಯೇ ಇಲ್ಲದ ಸಭೆಗಳೂ ಅದನ್ನು ಒಪ್ಪಿದವು; ಪ್ರತಿಯಾಗಿ ಬಿಷಪ್ಪರ ಅಧಿಕಾರ ಹೊಸ ಚರ್ಚಿನದೇ ಸಂವಿಧಾನದ ಕಟ್ಟಿಗೆ ಒಳಪಟ್ಟಿತು. ಈ ಕೊಡುಕೊಳ್ಳುವಿಕೆಯೇ ಸಿಎಸ್‌ಐನ ದೊಡ್ಡ ಸಾಧನೆ ಎಂದು ನಾನು ನಂಬುತ್ತೇನೆ. ಮೈಸೂರು ಡಯಾಸಿಸ್ ಹುಟ್ಟಿದ್ದು ಆಗಲೇ. 1970ರ ಹೊತ್ತಿಗೆ ಅದನ್ನು ಕರ್ನಾಟಕ ಮಧ್ಯ, ಉತ್ತರ ಮತ್ತು ದಕ್ಷಿಣ ಎಂದು ಮೂರಾಗಿ ವಿಂಗಡಿಸಲಾಯಿತು. ಅವುಗಳ ಕೇಂದ್ರಗಳು ಕ್ರಮವಾಗಿ ಬೆಂಗಳೂರು, ಧಾರವಾಡ ಮತ್ತು ಮಂಗಳೂರು. ಬಾಸೆಲ್ ಮಿಷನ್ನಿನ ಪರಂಪರೆಯಲ್ಲಿ ಬೆಳೆದ ಕರಾವಳಿಯ ಸಭೆಗಳು ದಕ್ಷಿಣ ಡಯಾಸಿಸ್‌ಗೆ ಸೇರಿವೆ.

ಆಡಳಿತದ ತಳಹಂತದಲ್ಲಿ ಪಾಸ್ಟರೇಟ್ ಇದೆ. ಒಬ್ಬ ಸಭಾಪಾಲಕರ, ಅಂದರೆ ಪಾದ್ರಿಯ, ಹೊಣೆಗೆ ಬರುವ ಒಂದು ಅಥವಾ ಹಲವು ಸಭೆಗಳ ಗುಂಪು ಅದು. ದಿನನಿತ್ಯದ ವ್ಯವಹಾರವನ್ನು ಸಭಿಕರೇ ಆರಿಸಿದ ಸಮಿತಿಯೊಂದು ಅವರೊಡನೆ ನೋಡಿಕೊಳ್ಳುತ್ತದೆ. ಸಭಾಪಾಲಕರೂ ಸಭಿಕರ ಪ್ರತಿನಿಧಿಗಳೂ ಕೂಡಿ ಕುಳಿತುಕೊಳ್ಳುವ ಡಯಾಸಿಸ್ ಪರಿಷತ್ತು ಇದರ ಮೇಲಿನದು. ಬಿಷಪ್ಪರ ಸ್ಥಾನ ತೆರವಾದಾಗ ಹೆಸರುಗಳನ್ನು ಆರಿಸಿ ಕಳುಹಿಸುವುದು ಈ ಪರಿಷತ್ತು. ಅಂತಿಮ ನೇಮಕ ಇಡೀ ಚರ್ಚಿನ ಅತ್ಯುನ್ನತ ಆಡಳಿತ ಮಂಡಳಿಯಾದ, ಚೆನ್ನೈಯಲ್ಲಿ ಕೇಂದ್ರವಿರುವ ಸಿನೊಡ್‌ಗೆ ಸೇರಿದ್ದು. ಸಿನೊಡ್‌ನ ಮುಖ್ಯಸ್ಥರಾದ ಮಾಡರೇಟರ್ ಕೂಡ ಬಿಷಪ್ಪರೊಳಗಿನಿಂದಲೇ ಚುನಾಯಿತರಾಗುತ್ತಾರೆ.